ಚಾರ್ಜರ್ ಪ್ಲಗ್‌ನಲ್ಲೇ ಬಿಟ್ಟರೆ ಬಿಲ್ ಏರುತ್ತದೆಯೇ? ಎರಡು ಸೂತ್ರ ಗೊತ್ತಿದ್ದರೆ ಕರೆಂಟ್ ಬಗೆಗಿನ ಫಾರ್ವರ್ಡ್‌ಗಳನ್ನು ನೀವೇ ಪರೀಕ್ಷಿಸಬಹುದು

"ಮೊಬೈಲ್ ಚಾರ್ಜರ್ ಪ್ಲಗ್‌ನಲ್ಲೇ ಬಿಟ್ಟರೆ ತಿಂಗಳಿಗೆ ನೂರಾರು ರೂಪಾಯಿ ನಷ್ಟ." "ಈ ಪುಟ್ಟ ಪೆಟ್ಟಿಗೆಯನ್ನು ಪ್ಲಗ್‌ಗೆ ಹಾಕಿದರೆ ಬಿಲ್ ಅರ್ಧಕ್ಕೆ ಇಳಿಯುತ್ತದೆ." "ಫಾಸ್ಟ್ ಚಾರ್ಜರ್ ಬಳಸಿದರೆ ಕರೆಂಟ್ ಹೆಚ್ಚು ಖರ್ಚು." "ಮನೆಯಲ್ಲಿ ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ." ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಹರಿದಾಡುತ್ತವೆ. ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಒಂದೆರಡು ಜೀವಕ್ಕೇ ಅಪಾಯ ತರುವಂಥವು.

ಇವನ್ನು ಒಂದೊಂದಾಗಿ ಸುಳ್ಳು ಅಥವಾ ನಿಜ ಎಂದು ಹೇಳುತ್ತಾ ಹೋದರೆ ನಾಳೆ ಹೊಸದೊಂದು ಬರುತ್ತದೆ. ಹಾಗಾಗಿ ಈ ಲೇಖನದಲ್ಲಿ ನಾವು ಬೇರೆ ದಾರಿ ಹಿಡಿದಿದ್ದೇವೆ. ಇಂಥ ಬಹುತೇಕ ಸಂದೇಶಗಳನ್ನು ಅಳೆಯಲು ಸಾಕಾಗುವ ಎರಡು ಸರಳ ಸೂತ್ರಗಳಿವೆ. ಎರಡೂ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿರುವಂಥವೇ. ಗುಣಾಕಾರ, ಭಾಗಾಕಾರ ಬಂದರೆ ಸಾಕು; ನಿಮ್ಮ ಫೋನ್‌ನಲ್ಲಿರುವ ಕ್ಯಾಲ್ಕುಲೇಟರ್ ಉಳಿದದ್ದನ್ನು ಮಾಡುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸೋಣ

ನಮ್ಮ ಆಡುಮಾತಿನಲ್ಲಿ "ಕರೆಂಟ್" ಎಂದರೆ ಎಲ್ಲವೂ. ಕರೆಂಟ್ ಹೋಯ್ತು, ಕರೆಂಟ್ ಹೊಡೀತು, ಕರೆಂಟ್ ಬಿಲ್ ಬಂತು, ಕರೆಂಟ್ ಕಡಿಮೆ ಇದೆ. ಒಂದೇ ಪದ ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ಬಳಕೆಯಾಗುತ್ತದೆ. ಫಾರ್ವರ್ಡ್‌ಗಳಲ್ಲಿ ಆಗುವ ಎಡವಟ್ಟಿನ ಮೂಲ ಬಹುಪಾಲು ಇಲ್ಲೇ ಇದೆ. ಇವುಗಳನ್ನು ಬಿಡಿಸಿ ನೋಡೋಣ.

ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಒತ್ತಡ. ಈ ಒತ್ತಡದಂಥದ್ದೇ ವೋಲ್ಟೇಜ್. ಇದನ್ನು ವೋಲ್ಟ್‌ಗಳಲ್ಲಿ ಅಳೆಯುತ್ತಾರೆ. ಪೈಪ್‌ನಲ್ಲಿ ಪ್ರತಿ ಸೆಕೆಂಡಿಗೆ ಹರಿಯುವ ನೀರಿನ ಪ್ರಮಾಣದಂಥದ್ದು ವಿದ್ಯುತ್ ಪ್ರವಾಹ, ಅಂದರೆ ನಿಜವಾದ ಅರ್ಥದ ಕರೆಂಟ್. ಇದರ ಅಳತೆ ಆಂಪಿಯರ್. ಪೈಪ್ ಕಿರಿದಾಗಿದ್ದರೆ ಹರಿವಿಗೆ ತಡೆ ಹೆಚ್ಚು. ವಿದ್ಯುತ್ತಿನಲ್ಲಿ ಈ ತಡೆಯ ಹೆಸರು ರೋಧ, ಅಳತೆ ಓಮ್. ಇನ್ನು ವ್ಯಾಟ್ ಎಂದರೆ ಉಪಕರಣ ಎಷ್ಟು ವೇಗವಾಗಿ ವಿದ್ಯುತ್ ಶಕ್ತಿಯನ್ನು ಬಳಸುತ್ತಿದೆ ಎಂಬುದು.

ನಿಮ್ಮ ಬಿಲ್‌ನಲ್ಲಿ ಇರುವ "ಯೂನಿಟ್" ಇವು ಯಾವುದೂ ಅಲ್ಲ. 1000 ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಆಗುವ ಖರ್ಚು 1 ಯೂನಿಟ್. ಅಂದರೆ ವ್ಯಾಟ್ ವೇಗ, ಯೂನಿಟ್ ಕ್ರಮಿಸಿದ ದೂರ. ವೇಗದೂತ ಬಸ್ ಐದು ನಿಮಿಷ ಓಡುವುದಕ್ಕೂ, ಎತ್ತಿನ ಗಾಡಿ ಇಡೀ ದಿನ ನಡೆಯುವುದಕ್ಕೂ ವ್ಯತ್ಯಾಸ ಇದೆಯಲ್ಲವೇ? ಬರೀ ವ್ಯಾಟ್ ಹೇಳಿ ಎಷ್ಟು ಹೊತ್ತು ಎಂದು ಹೇಳದ ಸಂದೇಶ ಬಂದರೆ ಅಲ್ಲೇ ಅನುಮಾನಪಡಿ.

ಎರಡು ಸೂತ್ರಗಳು

ಒಂದು: ರೋಧ = ವೋಲ್ಟೇಜ್ ÷ ಕರೆಂಟ್

ಎರಡು: ಶಕ್ತಿ ಬಳಕೆಯ ವೇಗ, ಅಂದರೆ ವ್ಯಾಟ್ = ವೋಲ್ಟೇಜ್ × ಕರೆಂಟ್

ಮೊದಲನೆಯದು ಜರ್ಮನಿಯ ಗೇಯಾರ್ಗ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರಿಸಿದ ನಿಯಮದಿಂದ ಬಂದದ್ದು. ಓಮ್ ಆಗ ಶಾಲಾ ಮೇಷ್ಟ್ರು. ಅವರ ಕೆಲಸಕ್ಕೆ ತಮ್ಮ ನಾಡಿನಲ್ಲಿ ಮೊದಲು ಸಿಕ್ಕಿದ್ದು ತಣ್ಣನೆಯ ಪ್ರತಿಕ್ರಿಯೆ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲೆ ಪದಕ ಕೊಟ್ಟಿತು. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟ್‌ನ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಇಂಗ್ಲೆಂಡಿನ ಜೇಮ್ಸ್ ಜೂಲ್ ತೋರಿಸಿದ್ದೂ ಅದೇ ಸುಮಾರಿಗೆ.

ಈ ಎರಡು ಸೂತ್ರ ಸೇರಿಸಿದರೆ ಇನ್ನೆರಡು ರೂಪ ಸಿಗುತ್ತವೆ. ವ್ಯಾಟ್ = ಕರೆಂಟ್ × ಕರೆಂಟ್ × ರೋಧ. ಹಾಗೆಯೇ, ವ್ಯಾಟ್ = ವೋಲ್ಟೇಜ್ × ವೋಲ್ಟೇಜ್ ÷ ರೋಧ. ಈ ಎರಡು ರೂಪಗಳು ಮುಂದೆ ಬಹಳ ಮುಖ್ಯವಾಗುತ್ತವೆ.

ಭಾರತದ ಮನೆಗಳಿಗೆ ಬರುವ ವೋಲ್ಟೇಜ್ 230. ಉಪಕರಣದ ಮೇಲಿನ ಚೀಟಿಯಲ್ಲಿ ವ್ಯಾಟ್ ಬರೆದಿರುತ್ತದೆ. ಇಷ್ಟಿದ್ದರೆ ಉಳಿದದ್ದನ್ನು ಲೆಕ್ಕ ಹಾಕಬಹುದು. ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಕರೆಂಟ್; 230ನ್ನು ಆ ಕರೆಂಟ್‌ನಿಂದ ಭಾಗಿಸಿದರೆ ರೋಧ.

• 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ: 4.3 ಆಂಪಿಯರ್, ರೋಧ ಸುಮಾರು 53 ಓಮ್
• 1500 ವ್ಯಾಟ್‌ನ ನೀರು ಕಾಯಿಸುವ ರಾಡ್: 6.5 ಆಂಪಿಯರ್, ಸುಮಾರು 35 ಓಮ್
• 2000 ವ್ಯಾಟ್‌ನ ಗೀಸರ್: 8.7 ಆಂಪಿಯರ್, ಸುಮಾರು 26 ಓಮ್
• 3000 ವ್ಯಾಟ್‌ನ ಇನ್‌ಸ್ಟಂಟ್ ಗೀಸರ್: 13 ಆಂಪಿಯರ್, ಸುಮಾರು 18 ಓಮ್

ಗಮನಿಸಿ: ವ್ಯಾಟ್ ಏರಿದಂತೆ ರೋಧ ಇಳಿಯುತ್ತಿದೆ. "ರೋಧ ಹೆಚ್ಚಿದ್ದರೆ ಬಿಸಿ ಹೆಚ್ಚು" ಎಂದು ನಮ್ಮಲ್ಲಿ ಹಲವರು ಶಾಲೆಯಲ್ಲಿ ಕಲಿತ ನೆನಪಿನಿಂದ ಹೇಳುತ್ತೇವೆ. ಮನೆಯ ಪ್ಲಗ್‌ಗೆ ಹಾಕುವ ಹೀಟರ್‌ನ ಮಟ್ಟಿಗೆ ಅದು ಉಲ್ಟಾ. ವೋಲ್ಟೇಜ್ ಒಂದೇ ಇರುವಾಗ ರೋಧ ಕಡಿಮೆಯಾದಷ್ಟೂ ಬಿಸಿ ಹೆಚ್ಚು. ಹಾಗಾದರೆ ಶಾಲೆಯಲ್ಲಿ ಕಲಿತದ್ದು ಸುಳ್ಳೇ? ಅಲ್ಲ. ಅದು ನಿಜವಾಗುವ ಜಾಗ ಬೇರೆ ಇದೆ, ಅದು ಅಪಾಯದ ಜಾಗ. ಅದಕ್ಕೆ ಆಮೇಲೆ ಬರೋಣ.

ಚಾರ್ಜರ್ ಲೆಕ್ಕ

ಫೋನ್ ಜೋಡಿಸದೆ ಸ್ವಿಚ್ ಆನ್ ಇರುವ ಒಳ್ಳೆಯ ಚಾರ್ಜರ್ ಬಳಸುವುದು ಸುಮಾರು 0.1 ವ್ಯಾಟ್. ಇದನ್ನು ತಿಂಗಳಿಡೀ ಹಾಗೇ ಬಿಟ್ಟರೂ 0.1 × 24 × 30 = 72 ವ್ಯಾಟ್ ಗಂಟೆ. ಅಂದರೆ 0.072 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಐವತ್ತು ಪೈಸೆ. ಹಳೆಯ, ಕಳಪೆ ಚಾರ್ಜರ್ ಇದರ ಐದು ಪಟ್ಟು ತಿಂದರೂ ಎರಡೂವರೆ ರೂಪಾಯಿ ದಾಟುವುದಿಲ್ಲ. "ನೂರಾರು ರೂಪಾಯಿ" ಎಲ್ಲಿಂದ ಬಂತು?

ಸಾಮಾನ್ಯವಾಗಿ ಆಗುವ ತಪ್ಪು ಇದು: ಚಾರ್ಜರ್ ಮೇಲೆ ಬರೆದಿರುವ 20 ಅಥವಾ 65 ವ್ಯಾಟ್ ತೆಗೆದುಕೊಂಡು 24 ಗಂಟೆ, 30 ದಿನಗಳಿಂದ ಗುಣಿಸಿಬಿಡುವುದು. ಆ ಸಂಖ್ಯೆ ಚಾರ್ಜರ್ ಗರಿಷ್ಠ ಎಷ್ಟು ಕೊಡಬಲ್ಲದು ಎಂಬುದು. ಫೋನ್ ಕೇಳದಿದ್ದರೆ ಅದು ಕೊಡುವುದಿಲ್ಲ. ಟ್ಯಾಂಕ್ ದೊಡ್ಡದಿದ್ದ ಮಾತ್ರಕ್ಕೆ ಮುಚ್ಚಿದ ನಲ್ಲಿಯಿಂದ ನೀರು ಹರಿಯುವುದಿಲ್ಲವಲ್ಲ.

ಫಾಸ್ಟ್ ಚಾರ್ಜರ್ ವಿಷಯವೂ ಅಷ್ಟೇ. 5000 ಮಿಲಿಆಂಪಿಯರ್ ಗಂಟೆಯ ಬ್ಯಾಟರಿ ಎಂದರೆ 5 ಆಂಪಿಯರ್ ಗಂಟೆ. ಬ್ಯಾಟರಿಯ ವೋಲ್ಟೇಜ್ ಸುಮಾರು 3.85. ಗುಣಿಸಿದರೆ ಸುಮಾರು 19 ವ್ಯಾಟ್ ಗಂಟೆ. ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುವ ಪಾಲು ಸೇರಿಸಿ 25 ಎಂದೇ ಇಟ್ಟುಕೊಳ್ಳಿ. ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ತಿಂಗಳಿಗೆ 750 ವ್ಯಾಟ್ ಗಂಟೆ, ಅಂದರೆ ಮುಕ್ಕಾಲು ಯೂನಿಟ್. ಬೇಗ ತುಂಬಿಸಿದರೂ ನಿಧಾನ ತುಂಬಿಸಿದರೂ ಬ್ಯಾಟರಿ ಹಿಡಿಯುವುದು ಅಷ್ಟೇ. ಬದಲಾಗುವುದು ಸಮಯ.

ಹಾಗಂತ ಚಾರ್ಜರ್ ಅನ್ನು ಸದಾ ಪ್ಲಗ್‌ನಲ್ಲೇ ಬಿಡಿ ಎಂದು ನಾವು ಹೇಳುತ್ತಿಲ್ಲ. ಮಕ್ಕಳು ವೈರ್‌ನ ತುದಿಯನ್ನು ಬಾಯಿಗೆ ಹಾಕಿಕೊಳ್ಳಬಹುದು, ಕಳಪೆ ಚಾರ್ಜರ್ ಕೆಟ್ಟು ಬಿಸಿಯಾಗಬಹುದು. ಸ್ವಿಚ್ ಆಫ್ ಮಾಡಲು ಅವೇ ಸಾಕಷ್ಟು ಕಾರಣ. ಆದರೆ ಬಿಲ್ ಇಳಿಯುತ್ತದೆ ಎಂದು ನಂಬಿ ಮಾಡಿದರೆ ನಿರಾಶೆ ಖಚಿತ.

ಬಿಲ್ ಏರಿಸುವುದು ಹಾಗಾದರೆ ಯಾವುದು?

ಕರ್ನಾಟಕದ ಮನೆಗಳಿಗೆ ಈ ಲೆಕ್ಕ ಬರೀ ಕುತೂಹಲದ್ದಲ್ಲ. 2023ರ ಜುಲೈ 1ರಿಂದ ಬಳಸಿದ ವಿದ್ಯುತ್ತಿಗೆ ಅನ್ವಯವಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೆ ಒಂದು ಅರ್ಹ ಮಿತಿ ಇದೆ. 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅದನ್ನು ನಿಗದಿ ಮಾಡಿದರು. ತೀರಾ ಕಡಿಮೆ ಬಳಸುವ ಮನೆಗಳಿಗೆ ಆಮೇಲೆ ಶೇ. 10ರ ಬದಲು 10 ಯೂನಿಟ್ ಸೇರಿಸುವ ಬದಲಾವಣೆ ಬಂತು. ಮಿತಿ ದಾಟಿ 200 ಯೂನಿಟ್‌ನೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಅಂದರೆ 199ಕ್ಕೂ 201ಕ್ಕೂ ಇರುವ ವ್ಯತ್ಯಾಸ ಎರಡು ಯೂನಿಟ್‌ನದ್ದಲ್ಲ. ಇಂಥ ಅಂಚಿನಲ್ಲಿರುವ ಮನೆಯವರು ಚಾರ್ಜರ್ ಕಿತ್ತಿಡುತ್ತಾ ಕೂತು ದೊಡ್ಡ ಖರ್ಚನ್ನು ಮರೆತರೆ ನಷ್ಟ ಅವರಿಗೇ.

15 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 0.44 ಯೂನಿಟ್ ಬೇಕು. ದಿನಕ್ಕೆ ನಾಲ್ಕು ಸಲ ಇಷ್ಟು ನೀರು ಕಾಯಿಸುವ ಮನೆಯಲ್ಲಿ ತಿಂಗಳಿಗೆ ಸುಮಾರು 52 ಯೂನಿಟ್ ನೀರು ಕಾಯಿಸಲಿಕ್ಕೇ ಹೋಯಿತು. 0.1 ವ್ಯಾಟ್ ಬಳಸುವ ಚಾರ್ಜರ್ ಅಷ್ಟು ಖರ್ಚು ಮಾಡಲು ಐವತ್ತು ವರ್ಷಕ್ಕೂ ಹೆಚ್ಚು ಬೇಕು.

75 ವ್ಯಾಟ್‌ನ ಹಳೆಯ ಸೀಲಿಂಗ್ ಫ್ಯಾನ್ ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 22.5 ಯೂನಿಟ್. 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಆದರೆ 9 ಯೂನಿಟ್. ಮೂರು ಫ್ಯಾನ್ ಇರುವ ಮನೆಯಲ್ಲಿ ಈ ವ್ಯತ್ಯಾಸ ತಿಂಗಳಿಗೆ 40 ಯೂನಿಟ್. "ಫ್ಯಾನ್ ನಿಧಾನ ತಿರುಗಿಸಿದರೂ ಕರೆಂಟ್ ಅಷ್ಟೇ ಖರ್ಚು" ಎಂಬ ಮಾತೂ ಕೇಳಿಬರುತ್ತದೆ. ಹಿಂದಿನ ಕಾಲದ ದೊಡ್ಡ ಡಬ್ಬಿಯಂಥ ರೆಗ್ಯುಲೇಟರ್‌ಗಳು ಒಳಗೆ ರೋಧ ಸೇರಿಸಿ ವೇಗ ತಗ್ಗಿಸುತ್ತಿದ್ದವು. ಉಳಿಯಬೇಕಿದ್ದ ಶಕ್ತಿಯ ಒಂದು ಪಾಲು ಆ ಡಬ್ಬಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಆ ಕಾಲಕ್ಕೆ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳಲ್ಲಿ ವೇಗ ತಗ್ಗಿಸಿದರೆ ಖರ್ಚೂ ತಗ್ಗುತ್ತದೆ.

ಫ್ರಿಜ್ ಬಗ್ಗೆ ಲೆಕ್ಕ ಹಾಕುವಾಗ ಎಚ್ಚರಿಕೆ. ಅದರ ಕಂಪ್ರೆಸರ್ ಇಡೀ ದಿನ ಒಂದೇ ಸಮ ನಡೆಯುವುದಿಲ್ಲ. ಹಾಗಾಗಿ ವ್ಯಾಟ್ ಅನ್ನು 24ರಿಂದ ಗುಣಿಸಿದರೆ ಉತ್ತರ ತಪ್ಪು. ಬಾಗಿಲ ಮೇಲೆ ಅಂಟಿಸಿರುವ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಇರುತ್ತದೆ. ಅದನ್ನು 12ರಿಂದ ಭಾಗಿಸಿ.

"ಪವರ್ ಸೇವರ್" ಪೆಟ್ಟಿಗೆಯ ಮರ್ಮ

ಈ ಪೆಟ್ಟಿಗೆಗಳನ್ನು ಮಾರುವ ವಿಡಿಯೊಗಳಲ್ಲಿ ಒಂದು ಪ್ರದರ್ಶನ ಸಾಮಾನ್ಯ. ಒಂದು ಮೋಟಾರ್ ಅಥವಾ ಫ್ಯಾನ್ ಓಡುತ್ತಿರುತ್ತದೆ. ಕರೆಂಟ್ ಅಳೆಯುವ ಮೀಟರ್ ಇಂತಿಷ್ಟು ಆಂಪಿಯರ್ ತೋರಿಸುತ್ತದೆ. ಪೆಟ್ಟಿಗೆಯನ್ನು ಪ್ಲಗ್‌ಗೆ ಹಾಕಿದ ಕೂಡಲೇ ಆಂಪಿಯರ್ ಇಳಿಯುತ್ತದೆ. "ನೋಡಿ, ಕರೆಂಟ್ ಕಡಿಮೆ, ಬಿಲ್ಲೂ ಕಡಿಮೆ!" ನೋಡಿದವರು ನಂಬುತ್ತಾರೆ. ಏಕೆಂದರೆ ವ್ಯಾಟ್ = ವೋಲ್ಟೇಜ್ × ಕರೆಂಟ್ ಎಂದು ಅವರೂ ಓದಿದ್ದಾರೆ.

ಪ್ರದರ್ಶನದಲ್ಲಿ ತೋರಿಸುವ ಇಳಿಕೆ ನಿಜವೇ ಇರಬಹುದು. ಅದರಿಂದ ಎಳೆದ ತೀರ್ಮಾನ ಮಾತ್ರ ತಪ್ಪು. ಮನೆಗೆ ಬರುವುದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುವ ಎಸಿ ವಿದ್ಯುತ್. ಹೀಟರ್, ಇಸ್ತ್ರಿ ಪೆಟ್ಟಿಗೆಗಳಲ್ಲಿ ವೋಲ್ಟೇಜ್ ಮತ್ತು ಕರೆಂಟ್ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಅಲ್ಲಿ ಸೂತ್ರ ನೇರವಾಗಿ ಅನ್ವಯ. ಮೋಟಾರ್‌ಗಳಲ್ಲಿ ಕರೆಂಟ್ ಸ್ವಲ್ಪ ಹಿಂದೆ ಬೀಳುತ್ತದೆ. ಹಾಗಾಗಿ ಬಂದ ಕರೆಂಟ್‌ನ ಒಂದು ಪಾಲು ಕೆಲಸವನ್ನೇ ಮಾಡದೆ ಹೋಗಿ ಬಂದು ಮಾಡುತ್ತಿರುತ್ತದೆ. ಎಷ್ಟು ಪಾಲು ಕೆಲಸಕ್ಕೆ ಬಂತು ಎಂಬುದರ ಅಳತೆಗೆ ಪವರ್ ಫ್ಯಾಕ್ಟರ್ ಎನ್ನುತ್ತಾರೆ. ಉದಾಹರಣೆಗೆ, 230 ವೋಲ್ಟ್‌ನಲ್ಲಿ 0.4 ಆಂಪಿಯರ್ ಎಳೆಯುವ ಫ್ಯಾನ್‌ನ ಗುಣಲಬ್ಧ 92. ಆದರೆ ಪವರ್ ಫ್ಯಾಕ್ಟರ್ 0.8 ಆಗಿದ್ದರೆ ಅದು ನಿಜವಾಗಿ ಬಳಸುವುದು ಸುಮಾರು 74 ವ್ಯಾಟ್.

ಈ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್, ಒಂದು ಎಲ್‌ಇಡಿ ದೀಪ. ಆ ಕೆಪಾಸಿಟರ್, ಸುಮ್ಮನೆ ಓಡಾಡುವ ಕರೆಂಟ್ ಅನ್ನು ತಗ್ಗಿಸಬಲ್ಲದು. ಆಂಪಿಯರ್ ಇಳಿಯಲು ಅದೇ ಕಾರಣ. ಆದರೆ ಮನೆಯ ಮೀಟರ್ ಆ ಸುಮ್ಮನೆ ಓಡಾಡುವ ಪಾಲನ್ನು ಮೊದಲಿನಿಂದಲೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅದು ಎಣಿಸುವುದು ಕೆಲಸಕ್ಕೆ ಬಂದ 74 ವ್ಯಾಟ್ ಮಾತ್ರ. ಪೆಟ್ಟಿಗೆ ಹಾಕಿದ ಮೇಲೂ 74. ಬಿಲ್‌ನಲ್ಲಿ ಸೇರದೇ ಇದ್ದದ್ದನ್ನು ಉಳಿಸಿದರೆ ಬಿಲ್ ಇಳಿಯುವುದು ಹೇಗೆ? ದೊಡ್ಡ ಕಾರ್ಖಾನೆಗಳಲ್ಲಿ ಕೆಪಾಸಿಟರ್ ಹಾಕುವುದು ನಿಜ, ಏಕೆಂದರೆ ಪವರ್ ಫ್ಯಾಕ್ಟರ್ ಕುಸಿದರೆ ಅವರಿಗೆ ದಂಡ ಬೀಳುತ್ತದೆ. ಆ ಲಾಭವನ್ನು ಮನೆಗೂ ಅನ್ವಯಿಸಿ ಮಾರುವುದರಲ್ಲಿ ಮೋಸ ಅಡಗಿದೆ.

ನಂಬಿಕೆ ಬಾರದಿದ್ದರೆ ಮೀಟರನ್ನೇ ಕೇಳಿ

ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ಮಿನುಗುವ ಪುಟ್ಟ ಕೆಂಪು ದೀಪ ನೋಡಿರುತ್ತೀರಿ. ಅದರ ಹತ್ತಿರ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. 3200 ಎಂದಿದ್ದರೆ, 3200 ಸಲ ಮಿನುಗಿದಾಗ ಒಂದು ಯೂನಿಟ್. ಆಗ ಈ ಲೆಕ್ಕ ಬಳಸಿ:

ವ್ಯಾಟ್ = 1125 × ಮಿನುಗಿನ ಸಂಖ್ಯೆ ÷ ಸೆಕೆಂಡುಗಳು

ಹತ್ತು ಸಲ ಮಿನುಗಲು 15 ಸೆಕೆಂಡ್ ಹಿಡಿದರೆ, ಆ ಹೊತ್ತಿನಲ್ಲಿ ಮನೆ 750 ವ್ಯಾಟ್ ಬಳಸುತ್ತಿದೆ ಎಂದರ್ಥ. ನಿಮ್ಮ ಮೀಟರ್‌ನಲ್ಲಿ ಬೇರೆ ಸಂಖ್ಯೆ ಇದ್ದರೆ 36 ಲಕ್ಷವನ್ನು ಆ ಸಂಖ್ಯೆಯಿಂದ ಭಾಗಿಸಿ, ಬಂದ ಉತ್ತರವನ್ನು 1125ರ ಜಾಗದಲ್ಲಿ ಇಡಿ.

ಈಗ ಒಂದು ಫ್ಯಾನ್ ಮಾತ್ರ ಹಾಕಿ ಮಿನುಗು ಎಣಿಸಿ. ಆಮೇಲೆ "ಪವರ್ ಸೇವರ್" ಹಾಕಿ ಮತ್ತೆ ಎಣಿಸಿ. ಬಿಲ್ ಬರುವುದು ಈ ಮಿನುಗಿನ ಲೆಕ್ಕದಲ್ಲೇ ಆದ್ದರಿಂದ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. 2000 ವ್ಯಾಟ್‌ನ ಗೀಸರ್ ಹಾಕಿದರೆ ಸೆಕೆಂಡಿಗೆ ಹೆಚ್ಚು ಕಡಿಮೆ ಎರಡು ಸಲ ಮಿನುಗುತ್ತದೆ. 0.1 ವ್ಯಾಟ್‌ನ ಚಾರ್ಜರ್ ಒಂದೇ ಇದ್ದರೆ ಲೆಕ್ಕದ ಪ್ರಕಾರ ಒಂದು ಮಿನುಗಿಗೆ ಮೂರು ಗಂಟೆಗೂ ಹೆಚ್ಚು ಕಾಯಬೇಕು. ಅಷ್ಟು ಸಣ್ಣ ಬಳಕೆಯನ್ನು ಮೀಟರ್ ಗುರುತಿಸದೆಯೂ ಇರಬಹುದು. ಈ ಪರೀಕ್ಷೆಗೆ ಯಾವ ವೈರ್ ಮುಟ್ಟುವ ಅಗತ್ಯವೂ ಇಲ್ಲ. ಮೀಟರಿನ ಸೀಲ್ ಮುಟ್ಟಲೇಬೇಡಿ.

ಬಿಲ್‌ಗಿಂತ ದೊಡ್ಡ ವಿಷಯ: ಸುಡುವ ಪ್ಲಗ್

ನಾವು ಮುಂದಕ್ಕೆ ಹಾಕಿದ್ದ ಪ್ರಶ್ನೆಗೆ ಈಗ ಬರೋಣ. ನಮ್ಮ ಮನೆಗಳಲ್ಲಿ ಎರಡು ಬಗೆಯ ಪ್ಲಗ್ ಪಾಯಿಂಟ್ ಇರುತ್ತವೆ. ಚಿಕ್ಕದು 6 ಆಂಪಿಯರ್, ದೊಡ್ಡದು 16 ಆಂಪಿಯರ್. ಚಿಕ್ಕದರ ಮಿತಿ 6 × 230 = 1380 ವ್ಯಾಟ್. ದೊಡ್ಡದರ ಮಿತಿ 16 × 230 = 3680 ವ್ಯಾಟ್.

ನೀರು ಕಾಯಿಸುವ 1500 ವ್ಯಾಟ್‌ನ ರಾಡ್ 6.5 ಆಂಪಿಯರ್ ಎಳೆಯುತ್ತದೆ ಎಂದು ಮೇಲೆ ನೋಡಿದೆವು. ಅಂದರೆ ಚಿಕ್ಕ ಪ್ಲಗ್ ಪಾಯಿಂಟ್‌ನ ಮಿತಿ ಆಗಲೇ ದಾಟಿತು. ಆದರೂ ಬಾಡಿಗೆ ಕೋಣೆಗಳಲ್ಲಿ, ಹಾಸ್ಟೆಲ್‌ಗಳಲ್ಲಿ, ಬಚ್ಚಲಿನ ಹತ್ತಿರ ದೊಡ್ಡ ಪಾಯಿಂಟ್ ಇಲ್ಲದ ಮನೆಗಳಲ್ಲಿ ಚಿಕ್ಕ ಪಾಯಿಂಟ್‌ಗೆ ಅಡಾಪ್ಟರ್ ಸಿಕ್ಕಿಸಿ ರಾಡ್ ಹಾಕುವುದು ಉಂಟು. "ಎಷ್ಟೋ ದಿನದಿಂದ ಹೀಗೇ ನಡೀತಿದೆ, ಏನೂ ಆಗಿಲ್ಲ" ಎಂಬುದು ಸಮಾಧಾನ.

ಏನಾಗುತ್ತದೆ ನೋಡಿ. ಪ್ಲಗ್‌ನ ಪಿನ್ ಸಡಿಲವಾಗಿದೆ ಅಥವಾ ಒಳಗೆ ಮಸಿ ಹಿಡಿದಿದೆ ಎಂದುಕೊಳ್ಳಿ. ಆ ಸಂದಿಯಲ್ಲಿ ಬರೀ ಅರ್ಧ ಓಮ್ ರೋಧ ಹುಟ್ಟಿದೆ. 35 ಓಮ್‌ನ ರಾಡ್ ಮುಂದೆ ಇದು ಏನೇನೂ ಅಲ್ಲ. ಹಾಗಾಗಿ ಹರಿಯುವ ಕರೆಂಟ್ ಹೆಚ್ಚು ಕಡಿಮೆ 6.5 ಆಂಪಿಯರ್ ಆಗಿಯೇ ಉಳಿಯುತ್ತದೆ. ಈಗ ಕರೆಂಟ್ × ಕರೆಂಟ್ × ರೋಧ ಹಾಕಿ: 6.5 × 6.5 × 0.5 = ಸುಮಾರು 21 ವ್ಯಾಟ್. ರೇಡಿಯೊ ರಿಪೇರಿಯವರು ಸೀಸ ಕರಗಿಸಲು ಬಳಸುವ ಸಾಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವ್ಯಾಟ್‌ನದ್ದು. ಹೆಚ್ಚು ಕಡಿಮೆ ಅಷ್ಟೇ ಬಿಸಿ ಪ್ಲಾಸ್ಟಿಕ್ ಸ್ವಿಚ್‌ಬೋರ್ಡಿನ ಒಳಗೆ, ಒಂದು ಚುಕ್ಕೆಯಷ್ಟು ಜಾಗದಲ್ಲಿ ಹುಟ್ಟುತ್ತಿದೆ.

"ರೋಧ ಹೆಚ್ಚಿದ್ದರೆ ಬಿಸಿ ಹೆಚ್ಚು" ಎಂಬುದು ನಿಜವಾಗುವುದು ಇಲ್ಲಿ. ಕರೆಂಟ್ ಎಷ್ಟು ಎಂದು ನಿರ್ಧರಿಸುವುದು ರಾಡ್. ಆ ಕರೆಂಟ್ ಸಡಿಲ ಸಂದಿಯ ಮೂಲಕವೂ ಹಾದುಹೋಗಲೇಬೇಕು. ಸಂದಿಯ ರೋಧ ಏರಿದಂತೆ ಅಲ್ಲಿನ ಬಿಸಿ ಏರುತ್ತದೆ. ಬಿಸಿಗೆ ಲೋಹ ಇನ್ನಷ್ಟು ಕಪ್ಪಾಗಿ, ಹಿಡಿತ ಇನ್ನಷ್ಟು ಸಡಿಲಾಗಿ ರೋಧ ಮತ್ತೂ ಏರುತ್ತದೆ.

ಇದರಲ್ಲಿ ಇನ್ನೊಂದು ಕೆಟ್ಟ ಸುದ್ದಿ ಇದೆ. ಎಂಸಿಬಿ ಇದನ್ನು ಹಿಡಿಯುವುದಿಲ್ಲ. ಎಂಸಿಬಿ ಕಾಯುವುದು ಕರೆಂಟ್ ಮಿತಿ ಮೀರುವುದನ್ನು. ಇಲ್ಲಿ ಕರೆಂಟ್ ಹೆಚ್ಚಾಗಿಲ್ಲ, ಕೂದಲೆಳೆಯಷ್ಟು ಕಡಿಮೆಯೇ ಆಗಿದೆ. ಆದ್ದರಿಂದ ನಿಮ್ಮ ಮೂಗು, ಕಣ್ಣು, ಕಿವಿಗಳೇ ಇಲ್ಲಿ ಕಾವಲು. ಪ್ಲಗ್ ಸುತ್ತ ಕಂದು ಬಣ್ಣ, ಸುಟ್ಟ ವಾಸನೆ, ಚಟಚಟ ಸದ್ದು, ಕಿತ್ತ ಮೇಲೆ ಪಿನ್ ಬಿಸಿ ಇರುವುದು, ಇವುಗಳಲ್ಲಿ ಯಾವುದು ಕಂಡರೂ ಆ ಪಾಯಿಂಟ್ ಬಳಸುವುದನ್ನು ನಿಲ್ಲಿಸಿ. ಎಲೆಕ್ಟ್ರಿಷಿಯನ್‌ನಿಂದ ಪ್ಲಗ್ ಪಾಯಿಂಟ್ ಬದಲಾಯಿಸಿ. ಅದು ಸಣ್ಣ ಖರ್ಚು.

ಎಕ್ಸ್‌ಟೆನ್ಷನ್ ಬೋರ್ಡಿಗೂ ಇದೇ ಲೆಕ್ಕ. 6 ಆಂಪಿಯರ್‌ನ ಬೋರ್ಡಿಗೆ ಇಸ್ತ್ರಿ ಪೆಟ್ಟಿಗೆ 1000, ಕೆಟಲ್ 1500 ಎಂದು ಎರಡೇ ಹಾಕಿದರೂ ಒಟ್ಟು 2500 ವ್ಯಾಟ್, ಸುಮಾರು 11 ಆಂಪಿಯರ್. ನಾಲ್ಕು ತೂತು ಇದೆ ಎಂದ ಮಾತ್ರಕ್ಕೆ ನಾಲ್ಕು ಹೀಟರ್ ಹಾಕಬಹುದು ಎಂದಲ್ಲ. ವೈರ್ ಅನ್ನು ಸುರುಳಿ ಸುತ್ತಿಟ್ಟು ಬಳಸಿದರೆ ಬಿಸಿ ಹೊರಹೋಗಲು ದಾರಿಯಿಲ್ಲದೆ ಅಪಾಯ ಇನ್ನೂ ಹೆಚ್ಚು.

ಶಾಕ್: ಎಂಸಿಬಿ ಕಾಪಾಡುತ್ತದೆಯೇ?

ಮನುಷ್ಯನ ದೇಹಕ್ಕೂ ರೋಧ ಇದೆ. ಒಣ ಚರ್ಮದ ರೋಧ ಒಂದು ಲಕ್ಷ ಓಮ್‌ವರೆಗೂ ಇರಬಹುದು. ಒದ್ದೆಯಾದರೆ ಅದು ಸಾವಿರ ಓಮ್‌ನ ಆಸುಪಾಸಿಗೆ ಕುಸಿಯಬಲ್ಲದು. ಒದ್ದೆ ಕೈಯಲ್ಲಿ 230 ವೋಲ್ಟ್ ಮುಟ್ಟಿದರೆ 230 ÷ 1000 = 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಸ್ನಾಯುಗಳು ಬಿಗಿದು ಹಿಡಿದ ಕೈ ಬಿಡಲಾಗದ ಸ್ಥಿತಿ ಬರಬಹುದು. ಅದರ ಕೆಲವು ಪಟ್ಟು ಹರಿದರೆ ಹೃದಯದ ಬಡಿತವೇ ಲಯ ತಪ್ಪಬಹುದು.

ಈಗ 16 ಆಂಪಿಯರ್‌ನ ಎಂಸಿಬಿ ಕಡೆ ನೋಡಿ. ಕೊಲ್ಲಬಲ್ಲ 0.23 ಆಂಪಿಯರ್ ಅದರ ಮಿತಿಯ ಎಪ್ಪತ್ತನೇ ಒಂದು ಭಾಗದಷ್ಟು. ಅದರ ಪಾಲಿಗೆ ಏನೂ ಆಗಿಯೇ ಇಲ್ಲ. ಎಂಸಿಬಿ ಇರುವುದು ವೈರಿಂಗ್ ಕಾಪಾಡಲು, ಮನುಷ್ಯರನ್ನಲ್ಲ. ಮನುಷ್ಯರಿಗಾಗಿ ಇರುವ ಸಾಧನ ಆರ್‌ಸಿಸಿಬಿ. ಹೋದ ಕರೆಂಟ್‌ಗೂ ಮರಳಿ ಬಂದ ಕರೆಂಟ್‌ಗೂ ವ್ಯತ್ಯಾಸ ಕಂಡ ಕೂಡಲೇ ಅದು ವಿದ್ಯುತ್ ಕಡಿಯುತ್ತದೆ. ಮನೆಗೆ 30 ಮಿಲಿಆಂಪಿಯರ್‌ನದ್ದನ್ನು ಹಾಕಿಸುತ್ತಾರೆ. ಅದರ ಮೇಲಿನ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಲೈನ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಅದಕ್ಕೂ ತಿಳಿಯದೇ ಹೋಗಬಹುದು ಎಂಬುದು ನೆನಪಿರಲಿ.

"ಕೈ ಒಣಗಿದ್ದರೆ ಏನೂ ಆಗಲ್ಲ" ಎಂದು ಈ ಲೆಕ್ಕ ತೋರಿಸಿ ಯಾರಾದರೂ ಹೇಳಿದರೆ ನಂಬಬೇಡಿ. ಚರ್ಮದ ರೋಧ ಸ್ಥಿರವಲ್ಲ. ಬೆವರು, ಗಾಯ, ಹಿಡಿತದ ಬಿಗಿ, ವೋಲ್ಟೇಜ್ ಎಲ್ಲದಕ್ಕೂ ಅದು ಬದಲಾಗುತ್ತದೆ. ರಾಡ್ ಆನ್ ಇರುವಾಗ ನೀರಿಗೆ ಬೆರಳಿಟ್ಟು ಬಿಸಿ ನೋಡುವ ಅಭ್ಯಾಸ ಬಿಡಲೇಬೇಕು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಮುಟ್ಟಿ.

ವೋಲ್ಟೇಜ್ ಕಡಿಮೆಯಾದಾಗ

ಹಳ್ಳಿಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯಿತು ಎನ್ನಿ. 2000 ವ್ಯಾಟ್‌ನ ಗೀಸರ್‌ನ ರೋಧ ಬದಲಾಗಿಲ್ಲ. 180 × 180 ÷ 26.45 = ಸುಮಾರು 1225 ವ್ಯಾಟ್. ವೋಲ್ಟೇಜ್ ಶೇ. 22ರಷ್ಟು ಇಳಿದರೆ ಬಿಸಿ ಶೇ. 39ರಷ್ಟು ಇಳಿಯಿತು. 13 ನಿಮಿಷದಲ್ಲಿ ಕಾಯುತ್ತಿದ್ದ ನೀರಿಗೆ 21 ನಿಮಿಷ. ಖರ್ಚಾಗುವ ಯೂನಿಟ್ ಮಾತ್ರ ಹೆಚ್ಚು ಕಡಿಮೆ ಅಷ್ಟೇ.

ಪಂಪ್‌ಸೆಟ್ ಮೋಟಾರ್ ಕಥೆ ಬೇರೆ. ನೀರು ಎತ್ತುವ ಕೆಲಸ ಅಷ್ಟೇ ಇರುವುದರಿಂದ ವೋಲ್ಟೇಜ್ ಇಳಿದರೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಶೇ. 20ರಷ್ಟು ಏರಿದರೆ ಸುರುಳಿಯಲ್ಲಿನ ಬಿಸಿ ಶೇ. 44ರಷ್ಟು ಏರುತ್ತದೆ, ಏಕೆಂದರೆ 1.2 × 1.2 = 1.44. ಕಡಿಮೆ ವೋಲ್ಟೇಜಿನಲ್ಲಿ ಪಂಪ್‌ಸೆಟ್‌ಗಳು ಸುಟ್ಟುಹೋಗುವುದು ಇದೇ ಕಾರಣಕ್ಕೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಒಯ್ದಾಗ ಸಾವಿರಾರು ವೋಲ್ಟ್‌ಗೆ ಏರಿಸಿ ಕಳಿಸಿದ್ದರ ಹಿಂದೆಯೂ ಇದೇ ಲೆಕ್ಕವಿದೆ. ವೋಲ್ಟೇಜ್ ಏರಿಸಿದರೆ ಅದೇ ವಿದ್ಯುತ್ತಿಗೆ ಕಡಿಮೆ ಕರೆಂಟ್ ಸಾಕು, ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಬಹಳ ಕಡಿಮೆ.

ಸೂತ್ರಕ್ಕೂ ಮಿತಿ ಇದೆ

ಮಲ್ಟಿಮೀಟರ್ ಇರುವವರು ಹಳೆಯ 60 ವ್ಯಾಟ್ ಬಲ್ಬಿನ ರೋಧ ಅಳೆದರೆ ಗೊಂದಲಕ್ಕೆ ಬೀಳುತ್ತಾರೆ. ಲೆಕ್ಕದ ಪ್ರಕಾರ 882 ಓಮ್ ಇರಬೇಕು, ಮೀಟರ್ ತೋರಿಸುವುದು ಅದರ ಹತ್ತನೇ ಒಂದು ಭಾಗದ ಆಸುಪಾಸು. ಇಬ್ಬರೂ ಸರಿ. ತಣ್ಣಗಿರುವ ತಂತಿಯ ರೋಧ ಕಡಿಮೆ, ಉರಿಯುವಾಗ ಹೆಚ್ಚು. ಎಲ್‌ಇಡಿ, ಟಿವಿ, ಚಾರ್ಜರ್‌ಗಳಿಗೆ ಒಂದೇ ರೋಧ ಎಂಬುದೇ ಇಲ್ಲ. ಅಂಥವುಗಳಿಗೆ ಚೀಟಿಯ ಮೇಲಿನ ವ್ಯಾಟ್ ನೋಡಿ. ಪ್ಲಗ್‌ನಲ್ಲಿರುವ ಉಪಕರಣದ ರೋಧವನ್ನು ಎಂದೂ ಅಳೆಯಲು ಹೋಗಬೇಡಿ.

ಮುಂದಿನ ಫಾರ್ವರ್ಡ್ ಬಂದಾಗ

• ವ್ಯಾಟ್ ಹೇಳಿದೆಯೇ, ಯೂನಿಟ್ ಹೇಳಿದೆಯೇ? ಎಷ್ಟು ಹೊತ್ತು ಎಂದಿದೆಯೇ? ಇಲ್ಲದಿದ್ದರೆ ಅದು ಲೆಕ್ಕವೇ ಅಲ್ಲ.
• ವ್ಯಾಟ್ × ಗಂಟೆ × 30 ÷ 1000. ಇದು ತಿಂಗಳ ಯೂನಿಟ್.
• ವ್ಯಾಟ್ ÷ 230. ಉತ್ತರ 6 ದಾಟಿದರೆ ಚಿಕ್ಕ ಪ್ಲಗ್ ಬೇಡ.
• ಆಂಪಿಯರ್ ಇಳಿದದ್ದನ್ನು ತೋರಿಸಿ ಬಿಲ್ ಇಳಿಯುತ್ತದೆ ಎಂದರೆ ಮೀಟರಿನ ಮಿನುಗು ಎಣಿಸಿ.
• ಶಾಕ್, ಬೆಂಕಿ, ವೈರಿಂಗ್ ಬಗ್ಗೆ ಧೈರ್ಯ ಹೇಳುವ ಸಂದೇಶವನ್ನು ಪರೀಕ್ಷಿಸದೆ ಯಾರಿಗೂ ಕಳಿಸಬೇಡಿ. ವಿದ್ಯುತ್ ಸಮಸ್ಯೆಗೆ ಸಹಾಯವಾಣಿ 1912 ಇದೆ.

ಚಾರ್ಜರ್ ಬಗೆಗಿನ ತಪ್ಪು ಸಂದೇಶದಿಂದ ಯಾರಿಗೂ ದೊಡ್ಡ ಹಾನಿಯಾಗದು. ಆದರೆ ಅದು ನಮ್ಮ ಗಮನವನ್ನು ಐವತ್ತು ಪೈಸೆಯ ಕಡೆ ತಿರುಗಿಸುತ್ತದೆ. ಅದೇ ಹೊತ್ತಿನಲ್ಲಿ ಬಚ್ಚಲ ಪಕ್ಕದ ಪ್ಲಗ್ ನಿಧಾನವಾಗಿ ಕಂದಾಗುತ್ತಿರಬಹುದು. ಈ ಲೇಖನ ಓದಿ ಮುಗಿಸಿದ ಮೇಲೆ ಒಮ್ಮೆ ಎದ್ದು ಹೋಗಿ ಅದನ್ನು ನೋಡಿ ಬನ್ನಿ. ಹಂಚುವುದಿದ್ದರೆ ಆ ಮಾತನ್ನು ಹಂಚಿ.